ಲಿಫ್ತಾ: ಮನೆಗಳು ನಿಂತೇ ಇವೆ, ಊರಿನವರಿಲ್ಲ

ಟೆಲ್ ಅವೀವ್ ಕಡೆಯಿಂದ ಹೆದ್ದಾರಿಯಲ್ಲಿ ಜೆರುಸಲೇಮಿಗೆ ಬರುವಾಗ, ನಗರ ಇನ್ನೇನು ಶುರುವಾಗಬೇಕು ಅನ್ನುವ ಹೊತ್ತಿಗೆ ಎಡಗಡೆ ಒಂದು ಆಳವಾದ ಕಣಿವೆ ಕಾಣುತ್ತದೆ. ಅದರ ಇಳಿಜಾರಿನಲ್ಲಿ ಸುಣ್ಣಕಲ್ಲಿನ ಮನೆಗಳಿವೆ. ಕಮಾನಿನ ಕಿಟಕಿಗಳು, ದಪ್ಪ ಗೋಡೆಗಳು, ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿದ ಹಾಗೆ. ಕಿಟಕಿಗಳಿಗೆ ಬಾಗಿಲಿಲ್ಲ, ಒಲೆಗಳಲ್ಲಿ ಹೊಗೆಯಿಲ್ಲ. ಹತ್ತಿರ ಹೋಗಿ ಒಳಗೆ ನಿಂತು ತಲೆಯೆತ್ತಿದರೆ ಎಷ್ಟೋ ಮನೆಗಳ ಚಾವಣಿಯ ನಡುವೆ ಆಕಾಶ ಕಾಣುವಷ್ಟು ದೊಡ್ಡ ತೂತು. ಮಳೆಗೆ, ಹಳತಾಗಿ ಬಿದ್ದ ತೂತುಗಳಲ್ಲ ಅವು. ಬೇಕೆಂದೇ ಕೊರೆದದ್ದು.

ಈ ಊರಿನ ಹೆಸರು ಲಿಫ್ತಾ.

2023ರ ಅಕ್ಟೋಬರಿನ ನಂತರ ಗಾಜಾದ ಸುದ್ದಿ ನೋಡುತ್ತಿರುವವರಿಗೆ ಕೆಲವು ಪದಗಳು ಪದೇಪದೇ ಕಿವಿಗೆ ಬೀಳುತ್ತಿವೆ: ನಕ್ಬಾ, ನಿರಾಶ್ರಿತರ ಶಿಬಿರ, ಮರಳುವ ಹಕ್ಕು. ಗಾಜಾದಲ್ಲಿರುವವರು ಗಾಜಾದಲ್ಲೇ ಯಾಕೆ "ನಿರಾಶ್ರಿತರು" ಎಂದು ಬಹಳ ಜನ ಕೇಳುತ್ತಾರೆ. ಉತ್ತರ 1948ರಲ್ಲಿದೆ. ಗಾಜಾದ ಜನಸಂಖ್ಯೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಆ ವರ್ಷದ ಯುದ್ಧದಲ್ಲಿ ಬೇರೆ ಊರುಗಳಿಂದ ಬಂದು ಸೇರಿದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ಹಾಗೆ ಖಾಲಿಯಾದ ಹಳ್ಳಿಗಳು 400ಕ್ಕೂ ಹೆಚ್ಚು. ಇತಿಹಾಸಕಾರ ವಲೀದ್ ಖಾಲಿದಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 418 ಹೆಸರುಗಳಿವೆ. ಅವುಗಳಲ್ಲಿ ಬಹುಪಾಲನ್ನು ಕೆಡವಿದ್ದಾಯಿತು. ಮೇಲೆ ಕಾಡು ಬೆಳೆದಿದೆ, ಹೊಸ ಊರು ಎದ್ದಿದೆ. ಆದರೆ ಲಿಫ್ತಾದಲ್ಲಿ ಸುಮಾರು 55 ಮನೆಗಳು ಇಂದಿಗೂ ನಿಂತಿವೆ. ಒಂದು ಊರು ಖಾಲಿಯಾಗುವುದು ಅಂದರೇನು, ಖಾಲಿಯಾಗಿಯೇ ಉಳಿಯುವುದು ಹೇಗೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸ್ಪಷ್ಟವಾದ ಜಾಗ ಸಿಗುವುದು ಕಷ್ಟ.

ಊರು ಹೇಗಿತ್ತು

ಊರಿನ ಜೀವ ಕಣಿವೆಯ ತಳದಲ್ಲಿರುವ ಒಂದು ಒರತೆ. ಗುಡ್ಡದೊಳಗಿನ ಸುರಂಗದಿಂದ ಹರಿದು ಬರುವ ನೀರು ಕಲ್ಲು ಕಟ್ಟಿದ ಕೊಳಕ್ಕೆ ಬಿದ್ದು, ಅಲ್ಲಿಂದ ಕಾಲುವೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ತೋಟಗಳಿಗೆ ಇಳಿಯುತ್ತಿತ್ತು. ಬೈಬಲಿನ ಯೆಹೋಶುವನ ಗ್ರಂಥದಲ್ಲಿ ಬರುವ "ನೆಫ್ತೋಹದ ನೀರು" ಇದೇ ಇರಬೇಕು ಎನ್ನುತ್ತಾರೆ. ಹೀಬ್ರೂನಲ್ಲಿ ಈ ಜಾಗಕ್ಕೆ ಇವತ್ತಿಗೂ ಮೇ ನಫ್ತೋಹ ಎಂದೇ ಹೆಸರು.

1596ರ ಆಟೊಮನ್ ತುರ್ಕರ ತೆರಿಗೆ ದಾಖಲೆಯಲ್ಲಿ ಲಿಫ್ತಾದಲ್ಲಿ 72 ಮನೆತನಗಳಿದ್ದವು ಎಂದಿದೆ. ಬ್ರಿಟಿಷರು ಮಾಡಿಸಿದ 1931ರ ಜನಗಣತಿಯ ಹೊತ್ತಿಗೆ 410 ಮನೆಗಳು, 1,893 ಜನ. 1945ರಲ್ಲಿ 2,200ಕ್ಕೂ ಹೆಚ್ಚು ಜನ. ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಬೆರಳೆಣಿಕೆಯ ಕ್ರೈಸ್ತರು. ಊರಿನ ಎಲ್ಲೆಯೊಳಗಿನ ಒಟ್ಟು ಭೂಮಿ 8,743 ದುನಮ್. ದುನಮ್ ಅಂದರೆ ಆ ಕಡೆಯ ನೆಲದ ಅಳತೆ, 1,000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗೆ ಸ್ವಲ್ಪ ಕಡಿಮೆ. ನಾಲ್ಕು ದುನಮ್ ಸೇರಿದರೆ ಹತ್ತಿರಹತ್ತಿರ ಒಂದು ಎಕರೆ. ಹಾಗಾಗಿ ಲಿಫ್ತಾದ ನೆಲ 2,100 ಎಕರೆಗೂ ಮಿಕ್ಕಿ. ಕಣಿವೆಯಷ್ಟೇ ಅಲ್ಲ, ಮೇಲಿನ ಗುಡ್ಡಗಳ ಉದ್ದಕ್ಕೂ ಅದು ಹರಡಿತ್ತು.

ಆಲಿವ್, ಅಂಜೂರ, ಬಾದಾಮಿ, ದ್ರಾಕ್ಷಿ, ತರಕಾರಿ ಬೆಳೆದು ಜೆರುಸಲೇಮಿನ ಸಂತೆಗೆ ಒಯ್ಯುತ್ತಿದ್ದರು. ಆಲಿವ್ ಎಣ್ಣೆಯ ಗಾಣಗಳಿದ್ದವು. ಮಸೀದಿ, ಎರಡು ಕಾಫಿ ಅಂಗಡಿ, ಹುಡುಗರ ಶಾಲೆ, 1945ರಲ್ಲಿ ಶುರುವಾದ ಹುಡುಗಿಯರ ಶಾಲೆ, ಒಂದು ಕ್ಲಬ್ಬು ಇದ್ದವು. ಊರಿನ ಹೆಂಗಸರು ಕಸೂತಿಗೆ ಹೆಸರಾದವರು. "ಥೋಬ್ ಗಬಾನಿ" ಎಂಬ ಮದುವಣಗಿತ್ತಿಯ ಉಡುಪು ಇಲ್ಲಿಯದು. ಸಿರಿಯಾದ ಅಲೆಪ್ಪೊದಿಂದ ಬರುತ್ತಿದ್ದ ಬಟ್ಟೆಯ ಮೇಲೆ ಹೊನ್ನಿನ ಬಣ್ಣದ ರೇಷ್ಮೆ ಹೂಗಳಿರುತ್ತಿದ್ದವು. ಲಿಫ್ತಾದ ಹೆಂಗಸರು ಅದನ್ನು ಕತ್ತರಿಸಿ, ತೋಳಿಗೆ, ಎದೆಗೆ, ಪಕ್ಕಗಳಿಗೆ ರೇಷ್ಮೆಯ ಪಟ್ಟಿ ಕೂಡಿಸಿ ಹೊಲಿಯುತ್ತಿದ್ದರು. ಬೆತ್ಲೆಹೇಮಿನ ಮನೆಗಳಿಂದಲೂ ಅದಕ್ಕೆ ಬೇಡಿಕೆ ಬರುತ್ತಿತ್ತು. ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. "ಖಾಲಿಯಾದ ಹಳ್ಳಿ" ಅಂದ ಕೂಡಲೇ ಮೂಲೆಯ ಬಡ ಕುಗ್ರಾಮ ಕಣ್ಣ ಮುಂದೆ ಬರುತ್ತದೆ. ಲಿಫ್ತಾ ನಗರಕ್ಕೆ ಅಂಟಿಕೊಂಡಿದ್ದ, ಚೆನ್ನಾಗಿ ಬಾಳಿದ ಊರು.

ನೆರೆಹೊರೆಯ ಯಹೂದಿ ಬಡಾವಣೆಗಳೊಂದಿಗೆ ವ್ಯವಹಾರವೂ ಇತ್ತು. ಗುಡ್ಡದ ಮೇಲಿನ ರೊಮೇಮಾ ಎಂಬ ಯಹೂದಿ ಬಡಾವಣೆ 1921ರಲ್ಲಿ ಹುಟ್ಟಿದ್ದೇ ಲಿಫ್ತಾದವರಿಂದ ಕೊಂಡ ನೆಲದಲ್ಲಿ.

ಬ್ರಿಟಿಷರು ಎಲ್ಲಿಂದ ಬಂದರು, ಯಾಕೆ ಹೊರಟರು

ನಾಲ್ಕು ಶತಮಾನ ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಗೆದ್ದರು. 1917ರ ಡಿಸೆಂಬರಿನಲ್ಲಿ ಜೆರುಸಲೇಮ್, 1918ರ ಸೆಪ್ಟೆಂಬರ್ 23ರಂದು ಹೈಫಾ. ಹೈಫಾ ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು ಎಂಬುದು ಇಲ್ಲಿ ನೆನಪಾಗುತ್ತದೆ. ಆಮೇಲೆ ರಾಷ್ಟ್ರಸಂಘ ಈ ನಾಡನ್ನು ಬ್ರಿಟನ್ನಿನ ಉಸ್ತುವಾರಿಗೆ ವಹಿಸಿತು. ಇದನ್ನೇ "ಮ್ಯಾಂಡೇಟ್" ಎನ್ನುವುದು.

ಯಹೂದಿಗಳಿಗೆ ಇಲ್ಲಿ ರಾಷ್ಟ್ರೀಯ ನೆಲೆ ಕಟ್ಟಲು ನೆರವಾಗುತ್ತೇವೆ ಎಂದು ಬ್ರಿಟನ್ 1917ರಲ್ಲೇ ಮಾತು ಕೊಟ್ಟಿತ್ತು. ಯೂರೋಪಿನಲ್ಲಿ ಹಿಂಸೆ ಹೆಚ್ಚಿದಂತೆ ಯಹೂದಿ ವಲಸೆಯೂ ಹೆಚ್ಚಿತು. ಅಲ್ಲೇ ಬಹುಸಂಖ್ಯಾತರಾಗಿದ್ದ ಅರಬರು ತಮ್ಮ ನಾಡು ಕೈತಪ್ಪುತ್ತಿದೆ ಎಂದು ಎದ್ದು ನಿಂತರು. ಎರಡೂ ಕಡೆ ರಕ್ತ ಹರಿಯಿತು. ಕೊನೆಗೆ ಬ್ರಿಟನ್ ಕೈಚೆಲ್ಲಿ ವಿಷಯವನ್ನು ವಿಶ್ವಸಂಸ್ಥೆಗೆ ಒಪ್ಪಿಸಿತು. 1947ರ ನವೆಂಬರ್ 29ರಂದು ಅಲ್ಲಿ ಮತದಾನ ನಡೆದು, ನಾಡನ್ನು ಯಹೂದಿ ರಾಜ್ಯ ಮತ್ತು ಅರಬ್ ರಾಜ್ಯ ಎಂದು ಎರಡು ಮಾಡುವ ಯೋಜನೆ 33–13 ಮತಗಳಲ್ಲಿ ಗೆದ್ದಿತು. ಆಗಷ್ಟೇ ತಾನೂ ಹೋಳಾಗಿದ್ದ ಭಾರತ ವಿರುದ್ಧ ಮತ ಹಾಕಿತು. ಯಹೂದಿ ನಾಯಕತ್ವ ಯೋಜನೆಯನ್ನು ಒಪ್ಪಿತು, ಅರಬ್ ನಾಯಕತ್ವ ತಿರಸ್ಕರಿಸಿತು.

ಈ ಯೋಜನೆಯ ಪ್ರಕಾರ ಜೆರುಸಲೇಮ್ ಮತ್ತು ಸುತ್ತಲಿನ ಹಳ್ಳಿಗಳು ಇಬ್ಬರಿಗೂ ಸೇರುವಂತಿರಲಿಲ್ಲ. ಅದು ಅಂತರರಾಷ್ಟ್ರೀಯ ಆಡಳಿತದ ಪ್ರದೇಶವಾಗಬೇಕಿತ್ತು. ಲಿಫ್ತಾ ಇದ್ದದ್ದು ಆ ಗೆರೆಯೊಳಗೆ.

1947ರ ಚಳಿಗಾಲ

ಮತದಾನದ ಮರುದಿನದಿಂದಲೇ ಕಾದಾಟ ಶುರು. ಇನ್ನೂ ಇಸ್ರೇಲ್ ಎಂಬ ರಾಜ್ಯ ಇಲ್ಲ, ಅಕ್ಕಪಕ್ಕದ ಅರಬ್ ದೇಶಗಳ ಸೇನೆ ಬಂದಿಲ್ಲ, ಹೆಸರಿಗೆ ಬ್ರಿಟಿಷರದೇ ಆಡಳಿತ. ಇತಿಹಾಸಕಾರರು ಇದನ್ನು ಯುದ್ಧದ ಮೊದಲ ಘಟ್ಟ, ಅಂತರ್ಯುದ್ಧದ ಘಟ್ಟ ಎನ್ನುತ್ತಾರೆ.

ಆ ಘಟ್ಟದಲ್ಲಿ ಎಲ್ಲವೂ ನಿಂತಿದ್ದು ರಸ್ತೆಗಳ ಮೇಲೆ. ಜೆರುಸಲೇಮಿನ ಸುಮಾರು ಒಂದು ಲಕ್ಷ ಯಹೂದಿಗಳಿಗೆ ಅನ್ನ, ಔಷಧ, ಸೀಮೆಎಣ್ಣೆ ಬರಬೇಕಾದದ್ದು ಟೆಲ್ ಅವೀವ್‌ನಿಂದ, ಒಂದೇ ದಾರಿಯಲ್ಲಿ. ಆ ದಾರಿ ನಗರದೊಳಗೆ ಕಾಲಿಡುವ ಬಾಗಿಲಲ್ಲೇ ಲಿಫ್ತಾ. ಊರಿನವರು ಯಾರ ಮೇಲೂ ಬಂದೂಕು ಎತ್ತದಿದ್ದರೂ ಊರು ನಿಂತಿದ್ದ ಜಾಗವೇ ಅದನ್ನು ರಣರಂಗಕ್ಕೆ ಎಳೆಯುತ್ತಿತ್ತು. ಡಿಸೆಂಬರಿನ ನಡುವಿನಲ್ಲಿ ಅರಬ್ ಸ್ವಯಂಸೇವಕ ಹೋರಾಟಗಾರರು ಲಿಫ್ತಾದಲ್ಲಿ ನೆಲೆಯೂರಿದರು. ಪಕ್ಕದ ಯಹೂದಿ ಬಡಾವಣೆಗಳ ಕಡೆಗೆ ಗುಂಡು ಹಾರಿತು; ಅತ್ತಲಿಂದ ಯಹೂದಿಗಳ ಮುಖ್ಯ ಸಶಸ್ತ್ರ ಪಡೆಯಾದ ಹಗನಾ ತಿರುಗಿಬಿತ್ತು. ಹಗನಾಕ್ಕಿಂತ ಉಗ್ರವಾದ ಎರಡು ಭೂಗತ ಗುಂಪುಗಳೂ ಇದ್ದವು: ಇರ್ಗುನ್ ಮತ್ತು ಲೆಹಿ.

ಡಿಸೆಂಬರ್ 28ರಂದು ಲೆಹಿ ಗುಂಪಿನವರು ಲಿಫ್ತಾದ ಕಾಫಿ ಅಂಗಡಿಯೊಂದರ ಮೇಲೆ ಮೆಷಿನ್‌ಗನ್ನಿನಿಂದ ಗುಂಡಿನ ಮಳೆಗರೆದರು. ಆರೇಳು ಮಂದಿ ಸತ್ತರು. ಕೆಲಸ ಮುಗಿಸಿ ಬಂದವರು ಕಾಫಿ ಕುಡಿಯುತ್ತ ಮಾತಾಡುವ ಜಾಗ ಅದು. ನಮ್ಮ ಊರಿನ ಅರಳಿಕಟ್ಟೆಯಂಥದು. ಅಂಥ ಕಡೆ ಹೆಣ ಬಿದ್ದಮೇಲೆ ಮನೆಯೊಳಗೆ ಕೂತವರಿಗೆ ಧೈರ್ಯ ಎಲ್ಲಿಂದ ಬರಬೇಕು? ಹೆಂಗಸರು, ಮಕ್ಕಳು, ಮುದುಕರನ್ನು ಮೊದಲು ಸಾಗಿಸಿದರು. ಅವರನ್ನು ದೂರ ಕಳಿಸಿ ಎಂದು ಅರಬ್ ನಾಯಕತ್ವವೂ ಹೇಳಿತು. ಗಂಡಸರು ಕಾವಲಿಗೆ ಉಳಿದರು.

ಜನವರಿಯಲ್ಲಿ ದಾಳಿಗಳು ನಿಲ್ಲಲಿಲ್ಲ. ಲಿಫ್ತಾಕ್ಕೆ ಸೇರಿದ್ದ, ಗುಡ್ಡದ ಮೇಲಿನ ಶೇಖ್ ಬದ್ರ್ ಎಂಬ ಕೇರಿಯಲ್ಲಿ ಮುಖ್ತಾರನ ಮನೆಯನ್ನು ಹಗನಾ ಸ್ಫೋಟಿಸಿತು. ಮುಖ್ತಾರ್ ಅಂದರೆ ಊರಿನ ಹಿರಿಯ, ನಮ್ಮ ಹಿಂದಿನ ಪಟೇಲನ ಹಾಗೆ. ಪಟೇಲನ ಮನೆಯೇ ಉರುಳಿದರೆ ಉಳಿದವರಿಗೆ ಸಂದೇಶ ತಲುಪಲು ಇನ್ನೇನು ಬೇಕು. ಕೇರಿ ಖಾಲಿಯಾಯಿತು. ಫೆಬ್ರವರಿ ಶುರುವಾಗುವ ಹೊತ್ತಿಗೆ ಲಿಫ್ತಾದಲ್ಲೂ ಜನ ಉಳಿದಿರಲಿಲ್ಲ.

ಫೆಬ್ರವರಿ 7ರಂದು ದಾವಿದ್ ಬೆನ್ ಗುರಿಯನ್ ತಮ್ಮ ಪಕ್ಷದ ಸಭೆಯಲ್ಲಿ ಮಾತಾಡಿದರು. ಮೂರು ತಿಂಗಳ ನಂತರ ಇಸ್ರೇಲಿನ ಮೊದಲ ಪ್ರಧಾನಿಯಾದವರು ಅವರು. ಲಿಫ್ತಾ, ರೊಮೇಮಾ ಹಾದು ಜೆರುಸಲೇಮಿನೊಳಕ್ಕೆ ಬಂದರೆ ಈಗ ಹೊರಗಿನವರೆಂಬುವರೇ ಇಲ್ಲ, ನೂರಕ್ಕೆ ನೂರು ಯಹೂದಿಗಳೇ ಎಂಬುದು ಅವರ ಮಾತಿನ ಸಾರ.

ತಾರೀಕುಗಳನ್ನು ಒಮ್ಮೆ ಸಾಲಾಗಿಟ್ಟು ನೋಡುವುದು ಒಳ್ಳೆಯದು. ಹತ್ತಿರದ ದೇರ್ ಯಾಸೀನ್ ಹಳ್ಳಿಯ ಹತ್ಯಾಕಾಂಡ ನಡೆದದ್ದು ಏಪ್ರಿಲ್ 9ರಂದು. ಇಸ್ರೇಲ್ ಘೋಷಣೆಯಾದದ್ದು ಮೇ 14ರಂದು. ಅರಬ್ ದೇಶಗಳ ಸೇನೆ ಗಡಿ ದಾಟಿದ್ದು ಮರುದಿನ. ಲಿಫ್ತಾ ಇವೆಲ್ಲಕ್ಕಿಂತ ಮೊದಲೇ ಖಾಲಿಯಾಗಿತ್ತು.

ಬಿಟ್ಟು ಹೋದರೋ, ಓಡಿಸಿದರೋ?

1948ರ ಬಗ್ಗೆ ಎಲ್ಲಿ ಚರ್ಚೆ ಶುರುವಾದರೂ ಬಂದು ನಿಲ್ಲುವುದು ಈ ಪ್ರಶ್ನೆಗೆ. ಒಟ್ಟು ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಆ ಯುದ್ಧದಲ್ಲಿ ಮನೆ ಕಳೆದುಕೊಂಡರು. ಇದನ್ನು ಅವರು ನಕ್ಬಾ, ಅಂದರೆ ಮಹಾವಿಪತ್ತು ಎನ್ನುತ್ತಾರೆ. ಅರಬ್ ನಾಯಕರ ಮಾತು ಕೇಳಿ ಅವರೇ ಹೊರಟುಹೋದರು ಎಂಬುದು ಇಸ್ರೇಲ್ ಬಹುಕಾಲ ಹೇಳಿದ ಕಥೆ. 1980ರ ದಶಕದಲ್ಲಿ ಇಸ್ರೇಲಿನ ಸರ್ಕಾರಿ ಕಡತಗಳು ತೆರೆದುಕೊಂಡಾಗ ಬೆನ್ನಿ ಮೋರಿಸ್‌ರಂಥ ಇಸ್ರೇಲಿ ಇತಿಹಾಸಕಾರರೇ ಊರಿಗೊಂದು ಊರಿನಂತೆ ಕಾರಣ ಹುಡುಕಿದರು. ಕೆಲವು ಕಡೆ ಸೈನಿಕರು ನೇರವಾಗಿ ಹೊರಹಾಕಿದ್ದರು. ಬಹಳ ಕಡೆ ದಾಳಿ, ದಾಳಿಯ ಭಯ. ಕೆಲವೆಡೆ ಪಕ್ಕದ ಊರು ಬಿದ್ದ ಸುದ್ದಿ. ಕೆಲವೆಡೆ ಅರಬ್ ಮುಖಂಡರ ಸೂಚನೆ. ಎಲ್ಲೆಡೆಗೂ ಒಂದೇ ಆದೇಶ ಇತ್ತೇ ಎಂಬುದರ ಬಗ್ಗೆ ಇತಿಹಾಸಕಾರರ ನಡುವೆ ಇಂದಿಗೂ ಒಮ್ಮತವಿಲ್ಲ.

ಲಿಫ್ತಾದಲ್ಲಿ ಈ ಕಾರಣಗಳಲ್ಲಿ ಎರಡು ಮೂರು ಒಟ್ಟಿಗೇ ಕಾಣುತ್ತವೆ. ಕಾಫಿ ಅಂಗಡಿಯ ಕೊಲೆಗಳು, ಸ್ಫೋಟಗಳು, ಮಕ್ಕಳನ್ನು ಕಳಿಸಿ ಎಂಬ ಸೂಚನೆ. ಆದರೆ ಹೊರಟವರ ಮನಸ್ಸಿನಲ್ಲಿ ಇದ್ದದ್ದು ಗುಳೆಯಲ್ಲ. ಗಲಾಟೆ ತಣ್ಣಗಾಗುವ ತನಕ ನಾಲ್ಕು ದಿನ ರಾಮಲ್ಲಾದ ನೆಂಟರ ಮನೆಯಲ್ಲಿದ್ದು ಬರೋಣ ಎಂದು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ ಕುಟುಂಬಗಳು ಪ್ಯಾಲೆಸ್ಟೈನಿನ ಎಲ್ಲೆಡೆ ಇದ್ದವು. ನಕ್ಬಾದ ನೆನಪಿನ ಮೆರವಣಿಗೆಗಳಲ್ಲಿ ಇಂದಿಗೂ ದೊಡ್ಡ ಕಬ್ಬಿಣದ ಕೀಲಿಕೈ ಹಿಡಿಯುವುದು ಅದಕ್ಕೇ. ಯಾಕೆ ಹೋದರು ಎಂಬುದರಷ್ಟೇ, ನನ್ನನ್ನು ಕೇಳಿದರೆ ಅದಕ್ಕಿಂತಲೂ, ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಗುಂಡಿನ ಸದ್ದು ನಿಂತ ಮೇಲೆ ಅವರಿಗೆ ಯಾಕೆ ಮರಳಲಾಗಲಿಲ್ಲ?

"ಗೈರುಹಾಜರಿ" ಎಂಬ ಪದ

ಉತ್ತರ ಕಾನೂನಿನಲ್ಲಿದೆ. 1948ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆ 194ನೇ ನಿರ್ಣಯ ಮಾಡಿತು. ಮನೆಗೆ ಮರಳಿ ನೆರೆಹೊರೆಯವರೊಂದಿಗೆ ಶಾಂತಿಯಿಂದ ಬಾಳಲು ಬಯಸುವ ನಿರಾಶ್ರಿತರಿಗೆ ಸಾಧ್ಯವಾದಷ್ಟು ಬೇಗ ಅವಕಾಶ ಕೊಡಬೇಕು, ಬಯಸದವರಿಗೆ ಪರಿಹಾರ ಕೊಡಬೇಕು ಎಂದು ಅದರ 11ನೇ ಪ್ಯಾರಾ ಹೇಳುತ್ತದೆ. "ಮರಳುವ ಹಕ್ಕು" ಎಂಬ ಮಾತಿಗೆ ಪ್ಯಾಲೆಸ್ಟೀನಿಯರು ಮುಖ್ಯವಾಗಿ ಆಧರಿಸುವುದು ಇದನ್ನೇ. ಆದರೆ ಮಹಾಸಭೆಯ ಇಂಥ ನಿರ್ಣಯಕ್ಕೆ ಶಿಫಾರಸಿನ ಬಲ ಮಾತ್ರ, ಒತ್ತಾಯದಿಂದ ಜಾರಿ ಮಾಡಿಸುವ ಕೈ ಅದಕ್ಕಿಲ್ಲ. ಲಕ್ಷಾಂತರ ಜನ ಮರಳಿದರೆ ತನ್ನ ಯಹೂದಿ ಬಹುಮತವೇ ಉಳಿಯುವುದಿಲ್ಲ, ಯುದ್ಧಕ್ಕೆ ಹೊಣೆ ಅರಬ್ ದೇಶಗಳು ಎಂಬುದು ಇಸ್ರೇಲಿನ ನಿಲುವು. ಪ್ಯಾಲೆಸ್ಟೈನಿನ ನಿರಾಶ್ರಿತರಿಗೆಂದೇ ಇರುವ ವಿಶ್ವಸಂಸ್ಥೆಯ ಅಂಗಸಂಸ್ಥೆಯ ಪಟ್ಟಿಯಲ್ಲಿ, ಮಕ್ಕಳು ಮೊಮ್ಮಕ್ಕಳೂ ಸೇರಿ, ಈಗ ಸುಮಾರು 59 ಲಕ್ಷ ಹೆಸರುಗಳಿವೆ.

1950ರಲ್ಲಿ ಇಸ್ರೇಲ್ ಗೈರುಹಾಜರಾದವರ ಆಸ್ತಿ ಕಾಯ್ದೆ ತಂದಿತು. 1947ರ ನವೆಂಬರ್ 29ರ ನಂತರ ತನ್ನ ವಾಸಸ್ಥಳ ಬಿಟ್ಟು ಶತ್ರು ದೇಶಕ್ಕೆ ಅಥವಾ ಶತ್ರುಪಡೆಗಳ ಹಿಡಿತದಲ್ಲಿದ್ದ ಪ್ರದೇಶಕ್ಕೆ ಹೋದ ಯಾರೇ ಆಗಲಿ "ಗೈರುಹಾಜರಿ". ಅವರ ಮನೆ, ಹೊಲ, ಅಂಗಡಿ, ಬ್ಯಾಂಕಿನ ಹಣ ಎಲ್ಲವೂ ಸರ್ಕಾರ ನೇಮಿಸಿದ ಕಸ್ಟೋಡಿಯನ್ ವಶಕ್ಕೆ. ರಾಮಲ್ಲಾ ಮತ್ತು ಪೂರ್ವ ಜೆರುಸಲೇಮ್ ಆಗ ಜೋರ್ಡಾನ್ ಕೈಯಲ್ಲಿದ್ದವು. ಹಾಗಾಗಿ ಡಿಸೆಂಬರಿನಲ್ಲಿ ಮಗುವನ್ನೆತ್ತಿಕೊಂಡು ಹದಿನೈದು ಕಿಲೋಮೀಟರ್ ದೂರ ಹೋದ ಲಿಫ್ತಾದ ತಾಯಿಯೂ ಗೈರುಹಾಜರಿ.

ಕಸ್ಟೋಡಿಯನ್ ಎಂಬ ಪದ ನಮಗೆ ಹೊಸದಲ್ಲ. ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋದವರ ಆಸ್ತಿ ನೋಡಿಕೊಳ್ಳಲು ಭಾರತ 1950ರಲ್ಲೇ ಕಾಯ್ದೆ ಮಾಡಿತ್ತು; 1968ರ ಶತ್ರು ಆಸ್ತಿ ಕಾಯ್ದೆಯ ಪ್ರಕರಣಗಳು ಇಂದಿಗೂ ನಮ್ಮ ನ್ಯಾಯಾಲಯಗಳಲ್ಲಿವೆ. ಪಾಕಿಸ್ತಾನವೂ ಅಂಥದೇ ಸುಗ್ರೀವಾಜ್ಞೆ ಹೊರಡಿಸಿತ್ತು. ಇಸ್ರೇಲಿನ ಕಾನೂನು ತಜ್ಞರು ತಮ್ಮ ಕಾಯ್ದೆ ಬರೆಯುವಾಗ ಈ ಉಪಖಂಡದ ಮಾದರಿಯನ್ನು ನೋಡಿಕೊಂಡಿದ್ದರು.

ಕಸ್ಟೋಡಿಯನ್ ಅಂದರೆ ಒಡೆಯ ಬರುವ ತನಕ ಕಾಯುವವನು ಎಂದು ಅರ್ಥ. ಆದರೆ ಈ ಆಸ್ತಿಯನ್ನು ಸರ್ಕಾರದ ಅಭಿವೃದ್ಧಿ ಪ್ರಾಧಿಕಾರಕ್ಕೆ ಮಾರಲು ಅವನಿಗೆ ಅಧಿಕಾರವಿತ್ತು. ಮಾರಾಟವಾದ ಮೇಲೆ ಪಹಣಿಯಲ್ಲಿ ಹೆಸರು ಬದಲಾದ ಹಾಗೆಯೇ. ಮೂಲ ಒಡೆಯ ಎದುರು ಬಂದು ನಿಂತರೂ ನೆಲ ಅವನದಲ್ಲ. 1967ರ ಯುದ್ಧದಲ್ಲಿ ಪೂರ್ವ ಜೆರುಸಲೇಮ್ ಇಸ್ರೇಲಿನ ವಶವಾದ ಮೇಲೆ ಇದು ಇನ್ನೂ ವಿಚಿತ್ರವಾಯಿತು. ಅಲ್ಲಿ ನೆಲೆಸಿದ್ದ ಲಿಫ್ತಾದವರು ಈಗ ಇಸ್ರೇಲ್ ಕೊಟ್ಟ ಗುರುತಿನ ಚೀಟಿ ಹಿಡಿದು, ಗಡಿಯಿಲ್ಲದೆ, ತಮ್ಮ ಮನೆಗೆ ನಡೆದುಕೊಂಡೇ ಹೋಗಬಹುದು. ಹೊಸ್ತಿಲು ದಾಟಿ ಇದು ನನ್ನದು ಎನ್ನುವಂತಿಲ್ಲ. 1973ರ ಕಾಯ್ದೆ ಇಂಥವರಿಗೆ ಪರಿಹಾರದ ದಾರಿಯೊಂದನ್ನು ಇಟ್ಟಿದೆ, ಮನೆಯನ್ನಲ್ಲ. ಇತ್ತ 1948ರಲ್ಲಿ ಪೂರ್ವ ಜೆರುಸಲೇಮಿನಲ್ಲಿ ಆಸ್ತಿ ಕಳೆದುಕೊಂಡ ಯಹೂದಿಗಳು ಅದನ್ನು ಮರಳಿ ಕೇಳಲು 1970ರ ಇನ್ನೊಂದು ಕಾಯ್ದೆ ಅನುವು ಮಾಡಿತು. ಒಂದೇ ನಗರ, ಒಂದೇ ಯುದ್ಧ, ಎರಡು ಕಾಯ್ದೆ.

ಆಮೇಲೆ ಅಲ್ಲಿ ಯಾರಿದ್ದರು

ಮನೆಗಳು ಬಹುಕಾಲ ಬರಿದಾಗಿರಲಿಲ್ಲ. ಯೆಮೆನ್ ಮತ್ತು ಇರಾಕಿನ ಕುರ್ದಿಸ್ತಾನದಿಂದ ಬಂದ ಯಹೂದಿ ಕುಟುಂಬಗಳನ್ನು ಅಲ್ಲಿ ಇಳಿಸಿದರು. 1949–50ರಲ್ಲಿ ಯೆಮೆನ್‌ನಿಂದ ಸುಮಾರು 50,000, ಮುಂದಿನ ಒಂದೆರಡು ವರ್ಷದಲ್ಲಿ ಇರಾಕಿನಿಂದ ಸುಮಾರು 1,20,000 ಯಹೂದಿಗಳು ಇಸ್ರೇಲಿಗೆ ಬಂದರು. ಅವರೂ ಹುಟ್ಟಿದೂರು ಬಿಟ್ಟು ಬಂದವರೇ, ಬಡವರೇ. ಕರೆಂಟು, ನಲ್ಲಿನೀರು ಇಲ್ಲದ, ಸರಿಯಾದ ರಸ್ತೆಯೂ ಇಲ್ಲದ ಕಣಿವೆಯ ಬದುಕು ಕಷ್ಟವಿತ್ತು. 1960ರ ದಶಕದ ಕೊನೆ, 70ರ ಆರಂಭದ ಹೊತ್ತಿಗೆ ಹೆಚ್ಚಿನವರು ಹೊರಟರು. ಮತ್ತೆ ಯಾರೂ ಬಂದು ಸೇರಿಕೊಳ್ಳದಿರಲಿ ಎಂದು ಅಧಿಕಾರಿಗಳು ಚಾವಣಿಗಳನ್ನು ಕೊರೆಸಿದರು. ಮೊದಲಿಗೆ ಹೇಳಿದ ತೂತುಗಳು ಇವೇ.

ಕಲ್ಲಿನ ಕಮಾನು ಚಾವಣಿಗೆ ನಡುವಿನ ಕಲ್ಲೇ ಜೀವ. ನಾಲ್ಕೂ ಮೂಲೆಯಿಂದ ಎದ್ದು ಬಂದ ಭಾರ ಅಲ್ಲಿ ಒಂದಕ್ಕೊಂದು ಒತ್ತಿ ನಿಲ್ಲುತ್ತದೆ. ಅಲ್ಲಿ ತೂತಾದರೂ ಇಷ್ಟು ವರ್ಷ ಕುಸಿಯದೆ ನಿಂತಿವೆ ಎಂದರೆ ಕಟ್ಟಿದವರ ಕೈ ಎಂಥದು ಎಂದು ಊಹಿಸಬಹುದು. ಮಳೆ ಒಳಗೆ ಬೀಳುತ್ತದೆ, ನೆಲದ ಮೇಲೆ ಅಂಜೂರದ ಸಸಿ ಹುಟ್ಟುತ್ತದೆ, ಬೇರು ಗೋಡೆಯ ಸಂದಿಗೆ ಇಳಿಯುತ್ತದೆ. ಮೇಲಿನ ಭಾಗದಲ್ಲಿ ಉಳಿದುಕೊಂಡಿದ್ದ ಕೆಲವು ಯಹೂದಿ ಕುಟುಂಬಗಳೂ ಪರಿಹಾರ ಪಡೆದು 2017ರಲ್ಲಿ ಹೊರಟವು.

ಟೆಂಡರು, ಕೋರ್ಟು, ಯುನೆಸ್ಕೊ

ನಗರದ ಬಾಗಿಲಲ್ಲಿರುವ ಇಂಥ ಜಾಗದ ಮೇಲೆ ಕಟ್ಟಡದವರ ಕಣ್ಣು ಬೀಳದಿರುತ್ತದೆಯೇ? ಹಳೆಯ ಮನೆಗಳ ನಡುವೆ 200ಕ್ಕೂ ಹೆಚ್ಚು ಐಷಾರಾಮಿ ಮನೆಗಳು, ಹೋಟೆಲು, ಅಂಗಡಿಗಳು ಬರುವ ಯೋಜನೆಗೆ 2004ರಲ್ಲಿ ಮಂಜೂರಾತಿ ಸಿಕ್ಕಿತು. 2011ರಲ್ಲಿ ಟೆಂಡರು ಕರೆದಾಗ ಲಿಫ್ತಾದ ಮೂಲ ಕುಟುಂಬದವರು, ಅವರ ಜೊತೆ ಇಸ್ರೇಲಿ ಯಹೂದಿ ಹೋರಾಟಗಾರರು, ಸಂರಕ್ಷಣೆಯವರು ಸೇರಿ ಕೋರ್ಟಿಗೆ ಹೋದರು. 2012ರ ಫೆಬ್ರವರಿಯಲ್ಲಿ ಜೆರುಸಲೇಮ್ ಜಿಲ್ಲಾ ನ್ಯಾಯಾಲಯ ಟೆಂಡರು ರದ್ದು ಮಾಡಿತು. ಮೊದಲು ಊರನ್ನು ಸರಿಯಾಗಿ ಸಮೀಕ್ಷೆ ಮಾಡಿ ಎಂದಿತು.

2015ರಲ್ಲಿ ಇಸ್ರೇಲೇ ಲಿಫ್ತಾವನ್ನು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು, ಸಾಂಪ್ರದಾಯಿಕ ಗುಡ್ಡಗಾಡು ಹಳ್ಳಿ ಎಂದು. 2018ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಅಪಾಯದಂಚಿನ ತಾಣಗಳ ಪಟ್ಟಿಯಲ್ಲಿ ಇದನ್ನು ಹಾಕಿತು. ಹಾಗಿದ್ದರೂ 2021ರಲ್ಲಿ ಟೆಂಡರು ಮತ್ತೆ ಹೊರಬಿತ್ತು, ವಿರೋಧ ಎದ್ದಮೇಲೆ ಮುಂದಕ್ಕೆ ಹೋಯಿತು. ಕಟ್ಟಡ ಉಳಿಸಬೇಕು ಎನ್ನುವವರ ವಾದವೂ ಊರಿನವರ ವಾದವೂ ಕೋರ್ಟಿನಲ್ಲಿ ಒಟ್ಟಿಗೆ ನಿಂತಿವೆ, ಆದರೆ ಅವು ಒಂದೇ ಅಲ್ಲ. ಸಂರಕ್ಷಣೆಯ ಕಾನೂನಿಗೆ ಕಾಣುವುದು ಕಲ್ಲು, ಕಮಾನು. ಆ ಕಮಾನಿನ ಕೆಳಗೆ ಯಾರು ಹುಟ್ಟಿದರು ಎಂಬುದು ಆ ಕಾನೂನಿನ ಪ್ರಶ್ನೆಯಲ್ಲ.

ಈಗ ಲಿಫ್ತಾದಲ್ಲಿ ಸಾಕಷ್ಟು ಓಡಾಟವಿದೆ. ಚಾರಣಿಗರು ಬರುತ್ತಾರೆ. ಸಂಪ್ರದಾಯಸ್ಥ ಯಹೂದಿ ಯುವಕರು ಒರತೆಯ ಕೊಳದಲ್ಲಿ ಮುಳುಗಿ ಏಳುತ್ತಾರೆ. ಮನೆಗಳ ಸುತ್ತ ಬೇಲಿಗೆಂದು ನೆಟ್ಟಿದ್ದ ಪಾಪಾಸುಕಳ್ಳಿ ಯಾರ ಆರೈಕೆಯೂ ಇಲ್ಲದೆ ದಟ್ಟವಾಗಿ ಬೆಳೆದಿದೆ; ಪ್ಯಾಲೆಸ್ಟೈನಿನಲ್ಲಿ ಕಾಡಿನ ನಡುವೆ ಇಂಥ ಕಳ್ಳಿಯ ಸಾಲು ಕಂಡರೆ ಅಲ್ಲೊಂದು ಊರಿತ್ತು ಎಂದೇ ಲೆಕ್ಕ. ಅರಬಿಯಲ್ಲಿ ಅದರ ಹೆಸರು ಸಬ್ರ್. ತಾಳ್ಮೆಗೂ ಅದೇ ಪದ. ಊರಿನ ಮೂಲದವರೂ ಬರುತ್ತಾರೆ, ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು. ಇದು ಯಾರ ಮನೆ, ಅದು ಯಾರ ಗಾಣ ಎಂದು ಒಂದೊಂದರ ಮುಂದೆ ನಿಂತು ಹೇಳುತ್ತಾರೆ. ಸ್ಮಶಾನದ ಕಡೆ ಹೋಗಿ ಬರುತ್ತಾರೆ. ಬಾದಾಮಿ, ಅಂಜೂರ ಕಾಲಕ್ಕೆ ಬಿಡುತ್ತವೆ, ಕಿತ್ತು ತಿನ್ನುತ್ತಾರೆ. ಗುಡ್ಡ ಹತ್ತಿ ಮೇಲೆ ಬಂದರೆ ಜೆರುಸಲೇಮಿನ ಕೇಂದ್ರ ಬಸ್ ನಿಲ್ದಾಣ ಕಾಲ್ನಡಿಗೆಯ ದೂರ. ಅದು ನಿಂತಿರುವ ನೆಲವೂ ಒಂದು ಕಾಲಕ್ಕೆ ಲಿಫ್ತಾದ ಎಲ್ಲೆಯೊಳಗಿನದು.